ಟಿಕೆಟ್ಟಿನ ಬೆನ್ನ ಮೇಲೆ

ಒಂದೇ ಮಾತು ಉಳಿದಿದೆ ನನ್ನ ಬಾಯಲ್ಲಿ: ರೈಟ್.
ಹಸಿವಾದರೂ ರೈಟ್, ಉಚ್ಚೆಗೆ ಅವಸರವಾದರೂ ರೈಟ್,
ಬೇಡ ಬೇಡವೆಂದು ತಲೆಯಾಡಿಸುತ್ತಲೇ ರೈಟ್.
ಚೌಡಮ್ಮನಿಗೆ ಈಗೀಗ ತಿಳಿಯುತ್ತದೆ
ಯಾವ ರೈಟಿಗೆ ಗಂಜಿ, ಯಾವ ರೈಟಿಗೆ ಬೆಡ್‌ಪ್ಯಾನು.

ಇಪ್ಪತ್ತಾರು ವರ್ಷ
ಶಿವಮೊಗ್ಗ–ಉಡುಪಿ ಬಸ್ಸಿನ ಹಿಂಬಾಗಿಲಲ್ಲಿ ನಿಂತೇ ಬದುಕಿದವನು.
ಎಡಗೈ ಬೆರಳ ಸಂದಿಗೆ ಉದ್ದಕ್ಕೆ ಮಡಿಸಿದ ನೋಟು,
ಬಲಗೈ ಚೀಲದೊಳಗೆ.
ಐದಕ್ಕೂ ಎರಡಕ್ಕೂ ಇರುವ ಅಂಚಿನ ವ್ಯತ್ಯಾಸ
ಕಣ್ಣಿಗಿಂತ ಮೊದಲು ಅದಕ್ಕೆ ಗೊತ್ತಿತ್ತು.
ಗಾಜನೂರು ದಾಟಿ, ಮಂಡಗದ್ದೆಗೆ ಇನ್ನೂ ಮೂರು ತಿರುವಿರುವಾಗ
ಆ ಕೈ ಚೀಲದೊಳಗೇ ಸತ್ತಿತು,
ನಾಣ್ಯಗಳ ನಡುವೆ.
ಇನಾಸ ಬ್ರೇಕು ಒತ್ತಿದ್ದು ನೆನಪಿದೆ.
ನಾನು ಸೀಟಿ ಊದದೆ ಬಸ್ಸು ನಿಂತದ್ದು ಅದೇ ಮೊದಲು.

ಈಗ ಸಾಗರ ರಸ್ತೆಯ ಆಸ್ಪತ್ರೆ, ಎರಡನೇ ಮಹಡಿ.
ಜಬೀನಾ ತಲೆಗೆ ಟೋಪಿ ತೊಡಿಸುತ್ತಾಳೆ,
ತೂತು ತೂತಿನ ಟೋಪಿ, ಹದಿನಾರು ವೈರು,
ತೂತಿಗೊಂದು ತೊಟ್ಟು ತಣ್ಣನೆಯ ಅಂಟು.
ಎಡಗಡೆ, ಕಿವಿಯಿಂದ ನಾಲ್ಕು ಬೆರಳು ಮೇಲೆ ಒತ್ತಿ
‘ನಿಮ್ಮ ಬಲಗೈ ಇಲ್ಲಿದೆ ಅಣ್ಣಾ’ ಅನ್ನುತ್ತಾಳೆ.
ಇಷ್ಟು ವರ್ಷ ಅದು ಭುಜದ ಕೆಳಗಿದೆ ಎಂದೇ ನಂಬಿದ್ದೆ.

‘ಆಗುಂಬೆ ಘಾಟಿ ಬಂದ್ ಆದಾಗ ಏನ್ ಮಾಡ್ತಿದ್ರಿ?’
ಮಾಸ್ತಿಕಟ್ಟೆ, ಹುಲಿಕಲ್ಲು, ಬಾಳೆಬರೆ, ಸಿದ್ದಾಪುರ
ಅಷ್ಟೂ ಊರು ನಾಲಿಗೆಯ ತುದಿಗೆ ಬಂದು ಸಾಲಾಗಿ ನಿಂತವು.
ಹೊರಗೆ ಬಿದ್ದದ್ದು: ರೈಟ್.
‘ಅದೇ’ ಎಂದಳು. ‘ಸುತ್ತು ಬಿದ್ದರೂ ದಾರಿ ದಾರಿಯೇ.’

ಕೈಗೊಂದು ಕವಚ, ಬೆರಳಿಗೊಂದು ದಾರ,
ಮಣಿಕಟ್ಟಿನ ಮೇಲೆ ಗುಂಯ್ಗುಡುವ ಮೋಟಾರು.
ಪರದೆಯಲ್ಲಿ ಎರಡೇ ಅಪ್ಪಣೆ.
ಸುಮ್ಮನಿರಿ.
ಕೈ ಬಿಚ್ಚುವುದನ್ನು ನೆನೆಯಿರಿ.

ಸುಮ್ಮನಿರುವುದು ನನಗೆ ಬರಲೇ ಇಲ್ಲ.
ಚಾವಣಿಯ ಹಲಗೆ ಎಣಿಸಿದೆ, ಎಂಟು ಸಾಲು, ಸಾಲಿಗೆ ಆರು,
ನಲವತ್ತೆಂಟು ಸೀಟು,
ನಿಂತವರು ಇಬ್ಬರು: ಒಂದು ಫ್ಯಾನು, ಒಂದು ಹಲ್ಲಿ.
ಲೆಕ್ಕ ಓಡಿದರೆ ಪರದೆಯ ಗೆರೆ ಎಗರುತ್ತದೆ,
ಜಬೀನಾ ಮತ್ತೆ ಮೊದಲಿನಿಂದ ಹಾಕುತ್ತಾಳೆ.
ನೆನೆಯುವುದು ಅದಕ್ಕಿಂತ ಕಷ್ಟ.
ಕೈ ಬಿಚ್ಚುವುದನ್ನು ಯಾರು, ಯಾವತ್ತು, ನೆನೆದಿದ್ದಾರೆ?
ನೆನೆಯುವ ಮೊದಲೇ ಅದು ಬಿಚ್ಚಿರುತ್ತಿತ್ತು,
ನಾನು ಮುಂದಿನ ಸ್ಟಾಪಿನ ಹೆಸರು ಕೂಗುತ್ತಿರುತ್ತಿದ್ದೆ.
ಹನ್ನೊಂದು ದಿನ
ಹಸಿರು ಪಟ್ಟಿ ಮಲಗಿದಲ್ಲೇ ಮಲಗಿತ್ತು.

ಹನ್ನೆರಡನೆಯ ದಿನ ಅವಳು ನೆನಪಾದಳು.
ಗಾಜನೂರಲ್ಲಿ ಹತ್ತಿದವಳು,
ಮಡಿಲಲ್ಲಿ ಗೋಣಿ ಸುತ್ತಿದ ಹೊಲಿಗೆ ಮೆಷಿನ್ನಿನ ತಲೆ.
ಮೂವತ್ತೆರಡರ ಟಿಕೆಟ್ಟಿಗೆ ಐವತ್ತು ಕೊಟ್ಟಳು.
ಚಿಲ್ಲರೆ ಇರಲಿಲ್ಲ. ಟಿಕೆಟ್ಟಿನ ಬೆನ್ನಿಗೆ ೧೮ ಎಂದು ಗೀಚಿ
ಸುತ್ತ ಒಂದು ಸೊನ್ನೆ ಎಳೆದು
ಇಳಿಯುವಾಗ ಕೇಳಿ ಎಂದಿದ್ದೆ.
ಚೀಲಕ್ಕೆ ಕೈ ಹಾಕಿದ್ದು ಅದಕ್ಕೇ.
ಹತ್ತರದೊಂದು ನೋಟು, ಐದರ ಬಿಲ್ಲೆ, ಬಿಡಿ ಮೂರು,
ಎಲ್ಲ ಬೆರಳಿಗೆ ಸಿಕ್ಕಿತ್ತು.
ತಗೊಳ್ಳಿ ತಾಯಿ, ಎಂದೆ, ಒಳಗೇ.

ಗುಂಯ್.

ಮೊದಲು ಹೆಬ್ಬೆರಳು, ಆಮೇಲೆ ಉಳಿದವು ಒಟ್ಟಿಗೆ.
ಅಂಗೈ ಖಾಲಿ, ಬೆವರಿತ್ತು.
ಜಬೀನಾ ಕುರ್ಚಿ ಬಿಟ್ಟೆದ್ದಳು. ‘ಏನು ನೆನೆದಿರಿ ಅಣ್ಣಾ?’
ರೈಟ್, ಎಂದೆ.
ನೂರಕ್ಕೆ ಎಪ್ಪತ್ತೊಂದು ಎಂದು ಬರೆದುಕೊಂಡಳು.

ಟೋಪಿ ತೆಗೆದರೆ ಬೆರಳು ಮತ್ತೆ ಮಡಚಿಕೊಳ್ಳುತ್ತವೆ.
ಚೌಡಮ್ಮ ಬೈಯುತ್ತ ಬಿಸಿನೀರಲ್ಲಿ ಕೂದಲ ಅಂಟು ಬಿಡಿಸುತ್ತಾಳೆ.
ಮಾರನೇ ದಿನ ಹತ್ತು ಗಂಟೆಗೆ ಮತ್ತೆ.
ದಿನಕ್ಕೆ ನಲವತ್ತು ಸಲ
ಅದೇ ಹೆಂಗಸಿಗೆ ಅದೇ ಹದಿನೆಂಟು ರೂಪಾಯಿ ಕೊಡುತ್ತೇನೆ.
ಅವಳು ಆವತ್ತು ಮಂಡಗದ್ದೆಗೆ ಹೇಗೆ ಹೋದಳೋ,
ಟಿಕೆಟ್ಟು ಎಸೆದಳೋ, ಇಟ್ಟುಕೊಂಡಿದ್ದಾಳೋ,
ಮೆಷಿನ್ನು ರಿಪೇರಿಯಾಯಿತೋ.

ನಿನ್ನೆ ಅವಳು ಕೈ ಚಾಚುವುದು ಕೊಂಚ ತಡವಾಯಿತು.
ಮೋಟಾರೂ ಕಾದಿತು.